ಪರದೆಯ ಚುಕ್ಕಿ, ಕಣ್ಣಿನ ಮಿತಿ

ಒಂದೇ ಮಾದರಿಯ ಲ್ಯಾಪ್‌ಟಾಪ್ ಎರಡು ಬಗೆಯ ಪರದೆಗಳೊಂದಿಗೆ ಮಾರಾಟಕ್ಕಿರುವುದು ಈಗ ಸಾಮಾನ್ಯ. ಪ್ರೊಸೆಸರ್, ಮೆಮೊರಿ, ಕೀಲಿಮಣೆ ಎಲ್ಲವೂ ಒಂದೇ. ಒಂದರ ಪರದೆ ಫುಲ್ ಎಚ್‌ಡಿ (ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕಿ ಅಂದರೆ ಪಿಕ್ಸೆಲ್), ಇನ್ನೊಂದರದು 2.5ಕೆ (2560×1600) ಅಥವಾ 4ಕೆ (3840×2160), ಬೆಲೆಯಲ್ಲಿ ಮಾತ್ರ ಕೆಲವು ಸಾವಿರ ರೂಪಾಯಿಗಳ ಅಂತರ. ಹಾಗೆ ಹೆಚ್ಚಿಗೆ ಕೊಟ್ಟ ಹಣ ಕೊನೆಗೆ ನಮ್ಮ ಕಣ್ಣಿಗೆ ತಲುಪುತ್ತದೆಯೇ ಎಂಬುದನ್ನು ಪೆಟ್ಟಿಗೆಯ ಮೇಲೆ ಅಚ್ಚಾದ ಸಂಖ್ಯೆ ಹೇಳುವುದಿಲ್ಲ. ಅದನ್ನು ಹೇಳಬಲ್ಲದ್ದು ದರ್ಜಿಯ ಟೇಪು ಮತ್ತು ಕಣ್ಣಾಸ್ಪತ್ರೆಯ ಗೋಡೆಯ ಮೇಲಿನ ಅಕ್ಷರಫಲಕದೊಳಗೆ ಅಡಗಿರುವ ಸಣ್ಣದೊಂದು ಲೆಕ್ಕ.

ಡಚ್ ನೇತ್ರವೈದ್ಯ ಹರ್ಮನ್ ಸ್ನೆಲೆನ್ 1862ರಲ್ಲಿ ರೂಪಿಸಿದ ಆ ಫಲಕದಲ್ಲಿ, ಆರು ಮೀಟರ್ ದೂರದಿಂದ ಓದಬೇಕಾದ ‘6/6’ ಸಾಲಿನ ಅಕ್ಷರ ಸುಮಾರು 8.7 ಮಿಲಿಮೀಟರ್ ಎತ್ತರವಿರುತ್ತದೆ. ಅಷ್ಟು ದೂರದಲ್ಲಿ ಇಡೀ ಅಕ್ಷರ ಕಣ್ಣಿನಲ್ಲಿ ಮಾಡುವ ಕೋನ ಒಂದು ಡಿಗ್ರಿಯ ಹನ್ನೆರಡರಲ್ಲೊಂದು ಪಾಲು. ಅಕ್ಷರದ ಒಂದೊಂದು ಗೆರೆಯ ದಪ್ಪವಾದರೋ ಡಿಗ್ರಿಯ ಅರವತ್ತರಲ್ಲೊಂದು ಪಾಲು. ಈ ಅರವತ್ತರಲ್ಲೊಂದು ಪಾಲನ್ನು ನಮ್ಮ ಪಂಚಾಂಗಕರ್ತರು ‘ಕಲೆ’ ಎಂದೂ, ಅದರ ಅರವತ್ತರಲ್ಲೊಂದು ಪಾಲನ್ನು ‘ವಿಕಲೆ’ ಎಂದೂ ಕರೆಯುತ್ತ ಬಂದಿದ್ದಾರೆ; ಗ್ರಹಗಳಿಗೆ ಹೊಂದುವ ಆ ಹೆಸರುಗಳು ಪರದೆಗೂ ಹೊಂದುತ್ತವೆ. ಒಂದು ಕಲೆಯಷ್ಟು ಕೋನದಲ್ಲಿರುವ ವಿವರವನ್ನು ಬಿಡಿಸಿ ನೋಡಬಲ್ಲ ಕಣ್ಣಿಗೆ 6/6 ದೃಷ್ಟಿ ಇದೆ ಎನ್ನುತ್ತೇವೆ. ಅದು ಕಣ್ಣಿನ ಗರಿಷ್ಠ ಶಕ್ತಿಯಲ್ಲ. ಆರೋಗ್ಯವಂತ ಯುವಜನರಲ್ಲಿ ಅನೇಕರು ಇದಕ್ಕಿಂತ ಚೆನ್ನಾಗಿಯೇ ಕಾಣುತ್ತಾರೆ, ಏಕೆಂದರೆ ಕಣ್ಣಿನ ಹಿಂಬದಿಯ ಪರದೆಯಾದ ಅಕ್ಷಿಪಟಲದ ನಟ್ಟನಡುವೆ ಬೆಳಕನ್ನು ಗ್ರಹಿಸುವ ಶಂಕುಕೋಶಗಳು ಸುಮಾರು ಅರ್ಧ ಕಲೆಯ ಅಂತರದಲ್ಲಿ ಒತ್ತಾಗಿ ಜೋಡಣೆಗೊಂಡಿವೆ.

ಇದನ್ನು ಲ್ಯಾಪ್‌ಟಾಪಿಗೆ ಹೊಂದಿಸುವುದು ಕಷ್ಟವಲ್ಲ. ಕಣ್ಣಿಗೂ ಪರದೆಗೂ ನಡುವಿನ ದೂರವನ್ನು ಸೆಂಟಿಮೀಟರಿನಲ್ಲಿ ಅಳೆದು, 8,700ನ್ನು ಅದರಿಂದ ಭಾಗಿಸಿದರೆ, ಆ ದೂರದಲ್ಲಿ 6/6 ಕಣ್ಣು ಬಿಡಿಬಿಡಿಯಾಗಿ ಗುರುತಿಸಬಲ್ಲ ಸಾಂದ್ರತೆಯ ಮೇಲ್ಮಿತಿ, ಇಂಚಿಗೆ ಇಷ್ಟು ಪಿಕ್ಸೆಲ್ ಎಂಬ ಲೆಕ್ಕದಲ್ಲಿ, ಸಿಗುತ್ತದೆ: 60 ಸೆಂಟಿಮೀಟರಿಗೆ 145, 50ಕ್ಕೆ 174, 40ಕ್ಕೆ ಸುಮಾರು 218. ತಿರುಗಿಸಿ ಹೇಳುವುದಾದರೆ, ಪ್ರತಿಯೊಂದು ಪರದೆಗೂ ಅದರ ಚುಕ್ಕಿಗಳು ಒಂದರೊಳಗೊಂದು ಕರಗಿ ಕಾಣೆಯಾಗುವ ದೂರವೊಂದಿದೆ. ಹಳೆಯ ಅಗ್ಗದ ಲ್ಯಾಪ್‌ಟಾಪುಗಳಲ್ಲಿದ್ದ 15.6 ಇಂಚಿನ, 1366×768 ಪಿಕ್ಸೆಲ್‌ಗಳ ಪರದೆಗೆ ಆ ದೂರ 87 ಸೆಂಟಿಮೀಟರ್. ಅಷ್ಟು ದೂರ ಕೂತು ಕೀಲಿ ಒತ್ತುವಷ್ಟು ಉದ್ದದ ಕೈ ಯಾರಿಗೂ ಇರುವುದಿಲ್ಲವಾದ್ದರಿಂದ ಆ ಪರದೆಯ ಜಾಲರಿ ಎಲ್ಲರ ಕಣ್ಣಿಗೂ ಬೀಳುತ್ತಿತ್ತು. ಅದೇ ಅಳತೆಯ ಫುಲ್ ಎಚ್‌ಡಿ ಪರದೆಗೆ ಈ ದೂರ 62 ಸೆಂಟಿಮೀಟರ್, 14 ಇಂಚಿನ ಫುಲ್ ಎಚ್‌ಡಿಗೆ 55, 14 ಇಂಚಿನ 2560×1600 ಪರದೆಗೆ 40, 15.6 ಇಂಚಿನ 4ಕೆ ಪರದೆಗೆ 31. ಮೇಜಿನ ಮೇಲಿಟ್ಟ ಲ್ಯಾಪ್‌ಟಾಪನ್ನು ನಾವು ಸಾಮಾನ್ಯವಾಗಿ 50ರಿಂದ 60 ಸೆಂಟಿಮೀಟರ್ ದೂರದಿಂದ ನೋಡುತ್ತೇವೆ, ತೊಡೆಯ ಮೇಲಿಟ್ಟುಕೊಂಡಾಗ ಇನ್ನೂ ಹತ್ತಿರದಿಂದ. ಫುಲ್ ಎಚ್‌ಡಿ ಪರದೆ ಹೀಗೆ ಗಡಿಯ ಮೇಲೆಯೇ ನಿಂತಿದೆ. ವಾದವೆಲ್ಲ ಹುಟ್ಟುವುದು ಅಲ್ಲೇ. ಆ್ಯಪಲ್ ಕಂಪನಿ 2010ರ ಐಫೋನ್ 4ರ ಇಂಚಿಗೆ 326 ಪಿಕ್ಸೆಲ್‌ಗಳ ಪರದೆಯನ್ನೂ, 2012ರ ಮ್ಯಾಕ್‌ಬುಕ್ ಪ್ರೋದ 220 ಪಿಕ್ಸೆಲ್‌ಗಳ ಪರದೆಯನ್ನೂ ‘ರೆಟಿನಾ’ (ಅಕ್ಷಿಪಟಲ) ಎಂಬ ಒಂದೇ ಹೆಸರಿನಿಂದ ಕರೆದದ್ದರಲ್ಲಿ ಮೋಸವೇನೂ ಇರಲಿಲ್ಲ. ಫೋನನ್ನು ನಾವು ಹಿಡಿಯುವ ದೂರವೇ ಬೇರೆ.

ಆದರೆ ಲೆಕ್ಕ ಇಲ್ಲಿಗೆ ಮುಗಿಯುವುದಿಲ್ಲ. ಪಿಯುಸಿಯ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ವರ್ನಿಯರ್ ಕ್ಯಾಲಿಪರ್ ಹಿಡಿದವರಿಗೆ ನೆನಪಿರಬಹುದು: ಎರಡು ಮಾಪಕಗಳ ಯಾವ ಗೆರೆಗಳು ಒಂದೇ ನೇರದಲ್ಲಿವೆ ಎಂಬುದನ್ನು ಬರಿಗಣ್ಣಿನಿಂದಲೇ ಹೇಳಬೇಕಾಗಿತ್ತು. ಎರಡು ಚುಕ್ಕಿಗಳನ್ನು ಬಿಡಿಸಿ ನೋಡುವುದಕ್ಕೆ ಒಂದು ಕಲೆಯ ಅಂತರ ಬೇಡುವ ಕಣ್ಣೇ, ಗೆರೆಯೊಂದು ಪಕ್ಕಕ್ಕೆ ಸರಿದಿರುವುದನ್ನು ಐದು–ಹತ್ತು ವಿಕಲೆಗಳಷ್ಟು ಸೂಕ್ಷ್ಮವಾಗಿ ಪತ್ತೆ ಹಚ್ಚುತ್ತದೆ. ಇದು ಒಂದು ಶಂಕುಕೋಶದ ಅಗಲಕ್ಕಿಂತಲೂ ಕಡಿಮೆ. ಅನೇಕ ಕೋಶಗಳಿಂದ ಬಂದ ಸಂಕೇತಗಳನ್ನು ಮಿದುಳು ತಾಳೆ ನೋಡಿ ಗೆರೆಯ ಸ್ಥಾನವನ್ನು ಊಹಿಸುವುದರಿಂದ ಇದು ಸಾಧ್ಯವಾಗುತ್ತದೆ. ಆದ್ದರಿಂದ ಚುಕ್ಕಿಗಳು ಕಾಣದಷ್ಟು ದೂರ ಹೋದ ಮೇಲೆಯೂ, ಓರೆಗೆರೆಯ ಅಥವಾ ಬಾಗಿದ ಗೆರೆಯ ಅಂಚಿನಲ್ಲಿರುವ ಮೆಟ್ಟಿಲುಗಳು ಏನೋ ಒರಟುತನವಾಗಿ ಕಣ್ಣಿಗೆ ತಟ್ಟುತ್ತಲೇ ಇರುತ್ತವೆ. ಅಂಚಿನ ಪಿಕ್ಸೆಲ್‌ಗಳಿಗೆ ನಸುಬೂದು ಬಣ್ಣ ತುಂಬಿ ತಂತ್ರಾಂಶವು ಈ ಮೆಟ್ಟಿಲುಗಳನ್ನು ಉಜ್ಜಿ ನಯ ಮಾಡುತ್ತದೆ, ನಿಜ. ಅದರ ಬೆಲೆಯಾಗಿ ಅಕ್ಷರ ಸ್ವಲ್ಪ ಮಸುಕಾಗುತ್ತದೆ.

ಕನ್ನಡ ಓದುವವರಿಗೆ ಈ ಮಾತು ಇಂಗ್ಲಿಷ್ ಓದುವವರಿಗಿಂತ ಹೆಚ್ಚು ಅನ್ವಯಿಸುತ್ತದೆ ಎಂಬುದು ನನ್ನ ಅಭಿಪ್ರಾಯ. ರೋಮನ್ ಲಿಪಿಯ ಹಲವು ಅಕ್ಷರಗಳು ನೆಟ್ಟಗೆ ನಿಂತ ಕಂಬಗಳಿಂದಲೂ ಅಡ್ಡತೊಲೆಗಳಿಂದಲೂ ಆಗಿವೆ. ಪಿಕ್ಸೆಲ್‌ಗಳ ಚೌಕಟ್ಟಿನಲ್ಲಿ ಅಂಥ ಗೆರೆ ಚುಕ್ಕಿಯೊಂದೂ ವ್ಯರ್ಥವಾಗದಂತೆ ಕೂರುತ್ತದೆ. ಕನ್ನಡದ ಅಕ್ಷರಗಳಾದರೋ ಬಹುಪಾಲು ದುಂಡಗಿನವು. ತಾಳೆಗರಿಯ ಮೇಲೆ ಕಂಟದಿಂದ ನೇರ ಗೆರೆ ಎಳೆದರೆ ಗರಿ ಸೀಳುತ್ತಿದ್ದುದರಿಂದ ಹೀಗಾಯಿತು ಎನ್ನುವವರಿದ್ದಾರೆ. ಕಾರಣ ಏನೇ ಇರಲಿ, ಗರಿಗೆ ಒಗ್ಗಿದ ದುಂಡು ಪರದೆಯ ಚೌಕಕ್ಕೆ ಒಗ್ಗುವುದಿಲ್ಲ. ಅದರ ಮೇಲೆ ನಮ್ಮಲ್ಲಿ ಅರ್ಥವನ್ನೇ ಬದಲಿಸುವ ಗುರುತುಗಳು ಬಹಳ ಚಿಕ್ಕವು: ‘ದ’ವನ್ನು ‘ಧ’ ಮಾಡುವುದು ಹೊಟ್ಟೆಯಡಿಯ ಒಂದು ಸೀಳು, ‘ಧ’ವನ್ನು ‘ಥ’ ಮಾಡುವುದು, ‘ರ’ವನ್ನು ‘ಠ’ ಮಾಡುವುದು ಒಳಗಿನ ಒಂದು ಚುಕ್ಕಿ. ಒತ್ತಕ್ಷರಗಳಂತೂ ಮೂಲ ಅಕ್ಷರಕ್ಕಿಂತ ಕಿರಿದಾಗಿ ಕೆಳಗೆ ತೂಗುತ್ತವೆ, ‘ರಾಷ್ಟ್ರ’ದಂಥ ಪದದಲ್ಲಿ ಎರಡೆರಡು ಒತ್ತುಗಳು ಒಂದನ್ನೊಂದು ನೂಕಿಕೊಂಡು ನಿಲ್ಲುತ್ತವೆ. ಇಂಚಿಗೆ ನೂರು ಪಿಕ್ಸೆಲ್ ಇರುವ ಪರದೆಯಲ್ಲಿ 16 ಪಿಕ್ಸೆಲ್ ಗಾತ್ರದ ಅಕ್ಷರದ ಒತ್ತಿಗೆ ಸಿಗುವುದು ಸುಮಾರು ಐದಾರು ಪಿಕ್ಸೆಲ್ ಎತ್ತರ. ಅಷ್ಟರಲ್ಲಿ ಅದನ್ನು ಬಿಡಿಸುವುದಕ್ಕಿಂತ ಸಂದರ್ಭದಿಂದ ಊಹಿಸುವುದೇ ಹೆಚ್ಚು. ಅದೇ ಅಕ್ಷರವನ್ನು ಅದೇ ಗಾತ್ರದಲ್ಲಿ ಎರಡು ಪಟ್ಟು ಸಾಂದ್ರತೆಯ ಪರದೆಯಲ್ಲಿ ಬರೆದಾಗ ಒತ್ತಿಗೆ ಹತ್ತು ಹನ್ನೆರಡು ಪಿಕ್ಸೆಲ್ ಸಿಗುತ್ತವೆ. ದಿನವಿಡೀ ಕನ್ನಡದ ಕರಡು ತಿದ್ದುವವರಿಗೆ, ಪುಟವಿನ್ಯಾಸ ಮಾಡುವವರಿಗೆ ಇದು ಸಣ್ಣ ಸಂಗತಿಯಲ್ಲ.

ಹೆಚ್ಚು ಪಿಕ್ಸೆಲ್ ಇದ್ದರೆ ಪರದೆಯಲ್ಲಿ ಹೆಚ್ಚು ಸಾಲು ಹಿಡಿಸುತ್ತದೆ ಎಂಬ ನಂಬಿಕೆ ಮಾತ್ರ ತಪ್ಪು. 15.6 ಇಂಚಿನ ಫುಲ್ ಎಚ್‌ಡಿ ಪರದೆಗೆ ವಿಂಡೋಸ್ ಸಾಮಾನ್ಯವಾಗಿ ಅಕ್ಷರ, ಚಿತ್ರಗಳಿಗೆ ಶೇ 125ರ ಹಿಗ್ಗನ್ನು (ಸ್ಕೇಲಿಂಗ್) ಸೂಚಿಸುತ್ತದೆ; ಅದೇ ಅಳತೆಯ 4ಕೆ ಪರದೆಗೆ ಶೇ 250. 1920ನ್ನು 1.25ರಿಂದ ಭಾಗಿಸಿ, 3840ನ್ನು 2.5ರಿಂದ ಭಾಗಿಸಿ: ಎರಡರಲ್ಲೂ ಉತ್ತರ 1536. ನಾಲ್ಕು ಪಟ್ಟು ಪಿಕ್ಸೆಲ್‌ಗಳಿಗೆ ಹಣ ಕೊಟ್ಟರೂ ಪುಟದಲ್ಲಿ ಕಾಣುವ ಸಾಲುಗಳು ಅಷ್ಟೇ. ಬದಲಾಗುವುದು ಅಕ್ಷರದ ನಯ ಮಾತ್ರ. ಹೆಚ್ಚು ಸಾಲು ಬೇಕಿದ್ದವರು ನೋಡಬೇಕಾದದ್ದು ಪರದೆಯ ಆಕಾರವನ್ನು, ಅಂದರೆ ಅಗಲ ಮತ್ತು ಎತ್ತರದ ಅನುಪಾತವನ್ನು. 16:9ರ ಬದಲು 16:10ರ ಪರದೆ ಆರಿಸಿದರೆ, ಅಗಲ ಒಂದೇ ಇದ್ದಾಗ, ಎತ್ತರದಲ್ಲಿ ಶೇ 11ರಷ್ಟು ಜಾಗ ಹೆಚ್ಚು ದೊರೆಯುತ್ತದೆ.

ಬೆಲೆಪಟ್ಟಿಯಲ್ಲಿ ಕಾಣದ ಖರ್ಚೂ ಒಂದಿದೆ. ಎಲ್‌ಸಿಡಿ ಪರದೆಯ ಪ್ರತಿಯೊಂದು ಪಿಕ್ಸೆಲ್‌ನ ಮೂಲೆಯಲ್ಲಿ ಟ್ರಾನ್ಸಿಸ್ಟರ್‌ಗಳೂ ಅವುಗಳಿಗೆ ತಂತಿಗಳೂ ಇರುತ್ತವೆ, ಅವು ಹಿಂದಿನಿಂದ ಬರುವ ಬೆಳಕನ್ನು ತಡೆಯುತ್ತವೆ. ಪಿಕ್ಸೆಲ್ ಕುಗ್ಗಿದಷ್ಟೇ ಪ್ರಮಾಣದಲ್ಲಿ ಅವು ಕುಗ್ಗುವುದಿಲ್ಲ. ಸಣ್ಣ ಕಿಟಕಿಗೆ ಹಳೆಯ ದಪ್ಪದ ಚೌಕಟ್ಟನ್ನೇ ಕೂರಿಸಿದಂತೆ. ಆಗ ಅಷ್ಟೇ ಬೆಳಕು ಹೊರಬರಬೇಕಾದರೆ ಹಿಂದಿನ ದೀಪವನ್ನು ಜೋರಾಗಿ ಉರಿಸಬೇಕು. 2012ರಲ್ಲಿ ಐಪ್ಯಾಡಿನ ಪರದೆ 1024×768ರಿಂದ 2048×1536ಕ್ಕೆ ಏರಿದಾಗ, ಹಿಂದಿನಷ್ಟೇ ಗಂಟೆ ನಡೆಸಲು ಅದರ ಬ್ಯಾಟರಿಯನ್ನು 25 ವ್ಯಾಟ್-ಗಂಟೆಯಿಂದ 42.5ಕ್ಕೆ ಹಿಗ್ಗಿಸಬೇಕಾಯಿತು. ನಂತರ ಬಂದ ಆಕ್ಸೈಡ್ ಟ್ರಾನ್ಸಿಸ್ಟರ್‌ಗಳು ಈ ನಷ್ಟವನ್ನು ಕಡಿಮೆ ಮಾಡಿವೆ, ಪೂರ್ತಿ ಅಳಿಸಿಲ್ಲ. ಆದ್ದರಿಂದ ಒಂದೇ ಮಾದರಿಯ ಎರಡು ಪರದೆಗಳ ನಡುವೆ ಆರಿಸುವಾಗ, ಬ್ಯಾಟರಿ ಇಷ್ಟು ಗಂಟೆ ಬರುತ್ತದೆ ಎಂಬ ಹೇಳಿಕೆ ಯಾವ ಪರದೆಯನ್ನು ಕುರಿತದ್ದು ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಇನ್ನೊಂದು ಮಾತು. ಕಣ್ಣು ಅತ್ಯಂತ ಚುರುಕಾಗಿರುವುದು ಅತಿ ಸಣ್ಣ ವಿವರಗಳಿಗೆ ಅಲ್ಲ; ಒಂದು ಡಿಗ್ರಿಗೆ ಮೂರರಿಂದ ಐದು ಪಟ್ಟೆಗಳಷ್ಟಿರುವ (ಒಂದು ಕಪ್ಪು, ಒಂದು ಬಿಳಿ ಗೆರೆ ಸೇರಿ ಒಂದು ಪಟ್ಟೆ) ಮಧ್ಯಮ ಗಾತ್ರದ ವಿವರಗಳಿಗೆ. ಒಂದು ಕಲೆಯ ಮಿತಿ ಎಂದರೆ ಡಿಗ್ರಿಗೆ ಮೂವತ್ತು ಪಟ್ಟೆ. ಅಲ್ಲಿ ಕಪ್ಪು–ಬಿಳುಪಿನ ಅಂತರ ಬಹಳ ದೊಡ್ಡದಿದ್ದರೆ ಮಾತ್ರ ಕಣ್ಣು ಕೆಲಸ ಮಾಡುತ್ತದೆ. ಅಂದ ಮೇಲೆ ಮಂಕು ಪರದೆಯಲ್ಲಿ, ಅಥವಾ ಕಿಟಕಿಯ ಬೆಳಕು ಪ್ರತಿಫಲಿಸಿ ಕಪ್ಪು ಬೂದಾಗಿರುವ ಪರದೆಯಲ್ಲಿ, ಪಿಕ್ಸೆಲ್ ಎಷ್ಟಿದ್ದರೂ ಕಣ್ಣಿಗೆ ದಕ್ಕುವುದಿಲ್ಲ. ಅಗ್ಗದ ಲ್ಯಾಪ್‌ಟಾಪುಗಳ ವಿವರಪಟ್ಟಿಯಲ್ಲಿ ‘250 ನಿಟ್’ ಮತ್ತು ‘ಶೇ 45 ಎನ್‌ಟಿಎಸ್‌ಸಿ’ ಎಂಬ ಎರಡು ಬರಹಗಳು ಹೆಚ್ಚಾಗಿ ಜೊತೆಗೂಡಿಯೇ ಇರುತ್ತವೆ. ಮೊದಲನೆಯದು ಹಗಲಿನ ಪಡಸಾಲೆಗೆ ಸಾಲದ ಹೊಳಪು, ಎರಡನೆಯದು ಕುಂಕುಮದ ಕೆಂಪನ್ನೂ ಇಟ್ಟಿಗೆಯ ಬಣ್ಣಕ್ಕೆ ಇಳಿಸುವ ಬಡಕಲು ವರ್ಣವ್ಯಾಪ್ತಿ. ಇಂಥ 2.5ಕೆ ಪರದೆಗಿಂತ 400 ನಿಟ್ ಹೊಳಪಿನ, ಎಸ್‌ಆರ್‌ಜಿಬಿ ಎಂಬ ಸಾಮಾನ್ಯ ಮಾನದಂಡದ ವರ್ಣವ್ಯಾಪ್ತಿಯನ್ನು ಪೂರ್ತಿ ತೋರುವ, ಹೊಳೆಯದ ಮೇಲ್ಮೈಯ ಫುಲ್ ಎಚ್‌ಡಿ ಪರದೆಯನ್ನೇ ನಾನು ಆರಿಸಿಯೇನು.

ನಲವತ್ತು ದಾಟಿ ಚಾಳೀಸು ಬಂದವರಿಗೆ ಲೆಕ್ಕ ಇನ್ನೊಂದಿಷ್ಟು ಬದಲಾಗುತ್ತದೆ. ಓದುವ ಕನ್ನಡಕದ ಶಕ್ತಿಯನ್ನು ಸಾಮಾನ್ಯವಾಗಿ ಪುಸ್ತಕ ಹಿಡಿಯುವ ದೂರಕ್ಕೆ, ಅಂದರೆ ಸುಮಾರು 40 ಸೆಂಟಿಮೀಟರಿಗೆ ಹೊಂದಿಸಿರುತ್ತಾರೆ. 60 ಸೆಂಟಿಮೀಟರ್ ದೂರದ ಪರದೆ ಅದರಲ್ಲಿ ಮಸುಕಾಗಿಯೇ ಕಾಣುತ್ತದೆ. ಅಂಥವರು ಪರದೆಯ ದೂರವನ್ನು ಅಳೆದುಕೊಂಡು ಹೋಗಿ, ಅದಕ್ಕೆ ತಕ್ಕ ಕನ್ನಡಕ ಮಾಡಿಸಿಕೊಂಡರೆ ಇರುವ ಪರದೆಯೇ ಎಷ್ಟೋ ಚೊಕ್ಕವಾಗಿ ಕಂಡೀತು. ಕಣ್ಣು ಚೆನ್ನಾಗಿದ್ದು, ದಿನಕ್ಕೆ ಆರೆಂಟು ಗಂಟೆ ಅಕ್ಷರಗಳನ್ನೇ ನೋಡುವವರಿಗೆ 14 ಇಂಚಿನಲ್ಲಿ 2560×1600 ಪರದೆ ಕೊಟ್ಟ ಹಣಕ್ಕೆ ತಕ್ಕದ್ದೆಂದೇ ಹೇಳುತ್ತೇನೆ: ಹತ್ತು ಸಾವಿರ ರೂಪಾಯಿ ಹೆಚ್ಚು ಬಿದ್ದರೂ ಐದು ವರ್ಷಕ್ಕೆ ಹಂಚಿದಾಗ ಅದು ದಿನಕ್ಕೆ ಐದೂವರೆ ರೂಪಾಯಿ. 4ಕೆ ಪರದೆ ಛಾಯಾಚಿತ್ರ, ವಿಡಿಯೊ ಸಂಕಲನದವರಿಗಿರಲಿ. ಅಂಗಡಿಯಲ್ಲಿ ಎರಡೂ ಯಂತ್ರಗಳನ್ನು ಪಕ್ಕಪಕ್ಕ ಇರಿಸಿ, ಹೊಳಪನ್ನು ಸಮ ಮಾಡಿಸಿ, ಯಾವುದಾದರೂ ಕನ್ನಡ ದಿನಪತ್ರಿಕೆಯ ಪುಟವನ್ನು ಒಂದೇ ಗಾತ್ರದಲ್ಲಿ ತೆರೆದು, ಮನೆಯಲ್ಲಿ ಅಳೆದಿಟ್ಟುಕೊಂಡ ದೂರದಲ್ಲಿ ಕೂತು ‘ರಾಷ್ಟ್ರ’ ಎಂಬ ಪದದ ಒತ್ತುಗಳನ್ನು ನೋಡಿ. ಅಂಗಡಿಯವರು ತೋರಿಸುವ ಗಿಳಿ, ಹೂವು, ಜಲಪಾತಗಳ ವಿಡಿಯೊ ಎರಡರಲ್ಲೂ ಚೆನ್ನಾಗಿಯೇ ಕಾಣುತ್ತದೆ.