ಮಾಂಬೊ: ಒಂದು ಪದ, ಎರಡು ತಪ್ಪು

ಮತ್ತೆ ಅದೇ ಸಾಲು ಕಣ್ಣಿಗೆ ಬಿತ್ತು: ‘ಮಾಂಬೊ ಮೆಕ್ಸಿಕೋದ ನೃತ್ಯ, ಅದರ ಜನಕ ಪೆರೆಸ್ ಪ್ರಾದೊ’. ಇಷ್ಟು ಚಿಕ್ಕ ಸಾಲಿನಲ್ಲಿ ಎರಡು ತಪ್ಪು ತುರುಕುವುದಕ್ಕೂ ಪ್ರತಿಭೆ ಬೇಕು.

ಮೊದಲು ಪದ. ಕ್ಯೂಬಾಕ್ಕೆ ಗುಲಾಮರಾಗಿ ಬಂದ ಕಾಂಗೊ ಜನರ ನಾಲಿಗೆಯ ಮೇಲೆ ಇದೂ ಬಂತು. ಅವರ ಕಿಕಾಂಗೊ ಭಾಷೆಯಲ್ಲಿ ‘ಮಾಂಬು’ ಎಂದರೆ ಸಂಗತಿಗಳು, ವ್ಯವಹಾರ. ಅದೇ ಬಳಗದ ಸ್ವಾಹಿಲಿಯಲ್ಲಿ ಸಂಗತಿ ಒಂದಾದರೆ ‘ಜಾಂಬೊ’, ಹಲವಾದರೆ ‘ಮಾಂಬೊ’. ದಾರಿಯಲ್ಲಿ ಸಿಕ್ಕವರನ್ನು ‘ಮಾಂಬೊ?’ ಎಂದು ಮಾತಾಡಿಸಿದರೆ ನಮ್ಮ ‘ಏನ್ ಸಮಾಚಾರ?’ ಇದ್ದ ಹಾಗೆ. ಕ್ಯೂಬಾದಲ್ಲಿ ಕಾಂಗೊ ಮೂಲದ ಪಾಲೊ ಪಂಥದವರು ತಮ್ಮ ಪೂಜೆಯ ಹಾಡುಗಳಿಗೆ ಇಂದಿಗೂ ಮಾಂಬೊ ಎನ್ನುತ್ತಾರೆ. ಹೈಟಿಯಲ್ಲಿ ವೂಡೂ ಪೂಜಾರಿಣಿಗೂ ಮಾಂಬೊ ಎಂಬ ಹೆಸರಿದೆ, ನಿಜ. ಅಷ್ಟಕ್ಕೇ ಇದನ್ನು ‘ಪೂಜಾರಿಣಿಯ ಕುಣಿತ’ ಎಂದು ಬಿಡಿಸಿ ಹೇಳುವವರಿಗೆ ದೂರದಿಂದಲೇ ಕೈಮುಗಿಯುತ್ತೇನೆ.

1938ರಲ್ಲಿ ಹವಾನಾದ ಆರ್ಕಾನ್ಯೊ ವಾದ್ಯ ತಂಡದಲ್ಲಿದ್ದ ಒರೆಸ್ತೆಸ್ ಲೋಪೆಸ್ ತಮ್ಮ ಒಂದು ದಾನ್ಸೋನ್‌ಗೆ (ಕುಣಿತಕ್ಕೆಂದೇ ಇರುವ ಕ್ಯೂಬಾದ ಸಂಗೀತ ಪ್ರಕಾರ) ‘ಮಾಂಬೊ’ ಎಂದೇ ಹೆಸರಿಟ್ಟರು. ಕೊನೆಯ ಭಾಗದಲ್ಲಿ ಪುಟ್ಟದೊಂದು ತುಣುಕನ್ನೇ ಮತ್ತೆ ಮತ್ತೆ ನುಡಿಸಿ ಕುಣಿಯುವವರಿಗೆ ಬಿಸಿ ಏರಿಸುವುದು ಅದರ ವರಸೆ. ಕ್ಯೂಬಾದ್ದೇ ಮತಾನ್ಸಾಸ್ ಊರಿನ ಪಿಯಾನೊ ಹುಡುಗ ಪ್ರಾದೊ ಆಗಿನ್ನೂ ಹೆಸರು ಮಾಡಿರಲಿಲ್ಲ. ಮಸಾಲೆ ದೋಸೆಯನ್ನು ಲಂಡನ್ನಿಗೆ ಒಯ್ದವರನ್ನು ದೋಸೆಯ ಜನಕ ಅನ್ನುತ್ತೇವೆಯೇ?

ಒಯ್ದದ್ದಕ್ಕಿಂತ ಹೆಚ್ಚನ್ನು ಪ್ರಾದೊ ಮಾಡಿದರು, ಒಪ್ಪಿದೆ. 1940ರ ದಶಕದ ಕೊನೆಗೆ ಮೆಕ್ಸಿಕೋ ನಗರ ಸೇರಿ, ಆ ತುಣುಕನ್ನೇ ಹಿಗ್ಗಿಸಿ ಇಡೀ ವಾದ್ಯವೃಂದದ ಅಬ್ಬರವಾಗಿಸಿದರು. ‘ಮಾಂಬೊ ನಂ. 5’ ಕೇಳಿ: ಸ್ಯಾಕ್ಸೋಫೋನ್‌ಗಳು ಕೆಳಗೆ ಒಂದೇ ಮಾತನ್ನು ಗೊಣಗುತ್ತವೆ, ಟ್ರಂಪೆಟ್‌ಗಳು ಮೇಲಿಂದ ಚೀರುತ್ತವೆ, ನಡುನಡುವೆ ಪ್ರಾದೊರ ‘ಉಹ್!’. ಹೊಟ್ಟೆಗೆ ಗುದ್ದು ಬಿದ್ದಂತೆ ಕೇಳಿಸುವ ಅದು ಸ್ಪ್ಯಾನಿಷಿನ ‘ದೀಲೊ’, ಅಂದರೆ ‘ಹೇಳು!’. (1999ರ ಲೂ ಬೇಗಾ ಹಾಡು ಇದರ ಮೇಲೆ ಕಟ್ಟಿದ್ದು. ಅದರಲ್ಲಿ ಬರುವ ಹುಡುಗಿಯರ ಹೆಸರಿನ ಪಟ್ಟಿಗೆ ಪ್ರಾದೊ ಹೊಣೆಯಲ್ಲ.)

1953ರಲ್ಲಿ ಮೆಕ್ಸಿಕೋ ಅವರನ್ನು ಗಡೀಪಾರು ಮಾಡಿತು. 1955ರಲ್ಲಿ ಅಮೆರಿಕದಲ್ಲಿ ಅವರ ‘ಚೆರಿ ಪಿಂಕ್’ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 10 ವಾರ ಮೊದಲ ಸ್ಥಾನ ಬಿಟ್ಟು ಕದಲಲಿಲ್ಲ. ತಮಾಷೆ ನೋಡಿ, ‘ಮಾಂಬೊ ದೊರೆ’ಯ ಆ ಹಿಟ್ ಫ್ರಾನ್ಸ್ ಮೂಲದ ಹಾಡು, ಲಯ ಕ್ಯೂಬಾದ ಇನ್ನೊಂದು ಕುಣಿತವಾದ ಚಾ-ಚಾ-ಚಾದ್ದು.

ಮೆಕ್ಸಿಕೋದ್ದು ಅನ್ನಲೇಬೇಕಾದರೆ ಮಾಂಬೊವನ್ನು ಬಿಟ್ಟು ಪ್ರಾದೊರನ್ನು ಮೆಕ್ಸಿಕೋದವರು ಅನ್ನಿ: 1980ರಲ್ಲಿ ಅಲ್ಲಿನ ಪೌರತ್ವ ಪಡೆದು, 1989ರಲ್ಲಿ ಮೆಕ್ಸಿಕೋ ನಗರದಲ್ಲೇ ತೀರಿಕೊಂಡರು.