ಅರ್ಧ ಎದ್ದಿರೋ ಸ್ಟೀಲ್ ಫ್ರೇಮ್ ಮೇಲೆ ನಿಂತು ಕೆಲಸ ಮಾಡೋರ ವಿಜ್ಞಾನ

ಹೊಸಕೋಟೆ ಕಡೆನೋ ನೆಲಮಂಗಲ ಕಡೆನೋ ಹೋದ್ರೆ ರೋಡ್ ಪಕ್ಕದಲ್ಲಿ ದೊಡ್ಡ ದೊಡ್ಡ ಗೋಡೌನ್ ಶೆಡ್‌ಗಳು ಏಳ್ತಾ ಇರೋದು ಕಾಣತ್ತೆ. ಪ್ರೈಮರ್ ಬಳಿದಿರೋ ಕಾಲಂಗಳು, ಮೇಲೆ ರಾಫ್ಟರ್ (ಚಾವಣಿ ಹೊರೋ ಬೀಮ್), ಬೆಲ್ಟ್ ಹಾಕ್ಕೊಂಡು ಬೀಮ್ ಮೇಲೆ ಕಾಲು ಇಳಿಬಿಟ್ಟು ಕೂತು ಬೋಲ್ಟ್ ಹಾಕ್ತಿರೋ ಒಬ್ಬಿಬ್ರು. ಅಬ್ಬಾ ಅಷ್ಟು ಎತ್ತರದಲ್ಲಿ ಹೆಂಗಪ್ಪಾ ಇರ್ತಾರೆ ಅಂತ ನೋಡಿದವರೆಲ್ಲ ಕೇಳ್ತಾರೆ. ಎತ್ತರ ಅಪಾಯನೇ, ಇಲ್ಲ ಅನ್ನಲ್ಲ, ಆದ್ರೆ ನನ್ನ ಕೇಳಿದ್ರೆ ಎರೆಕ್ಷನ್ ಕೆಲಸದಲ್ಲಿ, ಅಂದ್ರೆ ಸ್ಟೀಲ್ ಎತ್ತಿ ಜೋಡಿಸೋ ಕೆಲಸದಲ್ಲಿ, ಅದಕ್ಕಿಂತ ಕಳ್ಳ ಅಪಾಯ ಇನ್ನೊಂದಿದೆ, ಅವರು ಹತ್ತಿ ಕೂತಿರೋ ಆ ಫ್ರೇಮು ಇನ್ನೂ ಬಿಲ್ಡಿಂಗೇ ಆಗಿರಲ್ಲ. ಡ್ರಾಯಿಂಗಲ್ಲಿರೋ ಗಟ್ಟಿತನ ಬರೋದು ಎಲ್ಲಾ ಪೀಸು ಸೇರಿದ ಮೇಲೆ.

ಒಂದು ಪ್ಲಾಸ್ಟಿಕ್ ಸ್ಕೇಲ್ ತಗೊಂಡು ನೆಟ್ಟಗೆ ಟೇಬಲ್ ಮೇಲೆ ನಿಲ್ಲಿಸಿ ಮೇಲಿಂದ ಒತ್ತಿ ನೋಡಿ. ಸ್ಕೇಲ್ ಪುಡಿ ಆಗಲ್ಲ, ಪಕ್ಕಕ್ಕೆ ಬಾಗತ್ತೆ. ಇದಕ್ಕೇ ಬಕ್ಲಿಂಗ್ ಅನ್ನೋದು. 18ನೇ ಶತಮಾನದಲ್ಲೇ ಆಯ್ಲರ್ ಅನ್ನೋ ಗಣಿತಜ್ಞ ಇದರ ಲೆಕ್ಕ ಹಾಕಿಟ್ಟಿದ್ದಾನೆ: ಎಲ್ಲೂ ಹಿಡಿದಿಲ್ಲದ ಉದ್ದ 2 ಪಟ್ಟು ಆದ್ರೆ ತಡ್ಕೊಳ್ಳೋ ಭಾರ ಅರ್ಧ ಅಲ್ಲ, ನಾಲ್ಕನೇ ಒಂದು ಭಾಗಕ್ಕೆ ಇಳಿಯತ್ತೆ. ಈಗ ಶೆಡ್ ರಾಫ್ಟರ್ ನೋಡಿ. ಶೆಡ್ ರೆಡಿ ಆದ್ಮೇಲೆ ಅದನ್ನ ಒಂದೂವರೆ ಮೀಟರ್‌ಗೊಂದು ಪರ್ಲಿನ್ (ಚಾವಣಿ ಶೀಟ್ ಹೊರೋಕೆ ಅಡ್ಡ ಹಾಕೋ ಪಟ್ಟಿ) ಬಂದು ಪಕ್ಕದಿಂದ ಹಿಡ್ಕೊಂಡಿರತ್ತೆ, ಕ್ರೇನಲ್ಲಿ ಎತ್ತಿ ಈಗ ತಾನೇ ಕೂರಿಸಿದಾಗ ಒಂದೂ ಇಲ್ಲ. ಅದೇ ಕಬ್ಬಿಣ, ಅದೇ ದಪ್ಪ, ಆದ್ರೆ ತಾಕತ್ತು ಎಷ್ಟೋ ಕಮ್ಮಿ, ತನ್ನ ಭಾರಕ್ಕೇ ಪಕ್ಕಕ್ಕೆ ತಿರುಚ್ಕೊಂಡು ಬೀಳೋ ಚಾನ್ಸ್ ಇರತ್ತೆ. ಅದಕ್ಕೇ ಗೊತ್ತಿರೋ ಫೋರ್‌ಮನ್ ಮೊದಲು ಬ್ರೇಸಿಂಗ್ (ವಾಲದಂಗೆ ಹಿಡಿಯೋ ಓರೆ ರಾಡು) ಇರೋ ಬೇ, ಅಂದ್ರೆ ಎರಡು ಫ್ರೇಮ್ ನಡುವಿನ ಅಂಕಣ, ನಿಲ್ಲಿಸಿ ನೆಟ್ಟಗೆ ಮಾಡಿ ಆಮೇಲೆ ಮಿಕ್ಕಿದ್ದನ್ನ ಅದಕ್ಕೆ ಕಟ್ಕೊಂಡು ಹೋಗ್ತಾನೆ, ಒಂದಷ್ಟು ಪರ್ಲಿನ್ ಬೀಳೋ ತನಕ ಕ್ರೇನ್ ಸ್ಲಿಂಗ್ ಬಿಚ್ಚೋಕೆ ಬಿಡಲ್ಲ. ಕ್ರೇನ್ ಬಾಡಿಗೆ ಗಂಟೆ ಲೆಕ್ಕದಲ್ಲಿ ಓಡ್ತಾ ಇರತ್ತಲ್ಲ, ಬೇಗ ಬಿಚ್ಚಿ ಅಂತ ಒತ್ತಡ ಬರೋದೂ ಅಲ್ಲೇ.

ಇದರ ಭಯಂಕರ ಉದಾಹರಣೆ ಕೆನಡಾದ ಕ್ವಿಬೆಕ್ ಸೇತುವೆ. ಸೇಂಟ್ ಲಾರೆನ್ಸ್ ನದಿ ಮೇಲೆ ಎರಡೂ ದಡದಿಂದ ಸ್ಟೀಲ್ ತೋಳು ಚಾಚ್ಕೊಂಡು ಬರೋ ಡಿಸೈನು. ಮಧ್ಯದ ಸ್ಪ್ಯಾನ್ 1600 ಅಡಿ ಅಂತ ಇದ್ದಿದ್ದನ್ನ 1800 ಅಡಿಗೆ ಹಿಗ್ಗಿಸಿದ್ರು, ಆದ್ರೆ ಸೇತುವೆಯ ಸ್ವಂತ ಭಾರದ ಲೆಕ್ಕನ ಟೈಮಿಗೆ ಸರಿಯಾಗಿ ಮತ್ತೆ ಹಾಕ್ಲಿಲ್ಲ. 1907ರ ಬೇಸಿಗೆಯಲ್ಲಿ ದಕ್ಷಿಣದ ತೋಳು ನೀರಿನ ಮೇಲೆ ಮುಂದೆ ಮುಂದೆ ಹೋಗ್ತಿದ್ದಂಗೆ ಕೆಳಗಿನ ಕಾರ್ಡ್, ಅಂದ್ರೆ ತೋಳಿನ ಕೆಳ ಅಂಚಲ್ಲಿ ಒತ್ತಡ ಹೊರೋ ಉದ್ದದ ಪೀಸುಗಳು, ಬಾಗೋಕೆ ಶುರು ಆಯ್ತು, ಜೋಡಿಸೋ ತೂತುಗಳು ಒಂದಕ್ಕೊಂದು ಕೂರ್ತಿರಲಿಲ್ಲ. ಫ್ಯಾಕ್ಟರಿಯಿಂದಲೇ ಹಂಗೆ ಬಂದಿರಬೇಕು ಅಂತ ವಾದ ನಡೀತು. ಬಾಗಿದ್ದು ಒಂದು ಕಡೆ ಮುಕ್ಕಾಲು ಇಂಚಿಂದ 2 ಇಂಚಿಗೆ ಹೋದಾಗ ಸೈಟ್ ಇಂಜಿನಿಯರ್ ನ್ಯೂಯಾರ್ಕಿಗೆ ಓಡಿ ಕನ್ಸಲ್ಟಿಂಗ್ ಇಂಜಿನಿಯರ್ ಥಿಯೋಡೋರ್ ಕೂಪರ್ ಹತ್ರ ಹೇಳಿದ. ಇನ್ನು ಭಾರ ಹಾಕಬೇಡಿ ಅಂತ ಕೂಪರ್ ಟೆಲಿಗ್ರಾಂ ಕೊಟ್ಟಿದ್ದು ಸೇತುವೆ ಜಾಗಕ್ಕಲ್ಲ, ಪೆನ್ಸಿಲ್ವೇನಿಯಾದಲ್ಲಿದ್ದ ಕಂಪನಿಗೆ. ಅಲ್ಲಿಂದ ಕೆಲಸ ನಿಲ್ಲಿಸೋ ಆರ್ಡರ್ ಬರಲೇ ಇಲ್ಲ, ಆಗಸ್ಟ್ 29ರ ಸಂಜೆ ಕೆಲವೇ ಸೆಕೆಂಡಲ್ಲಿ ಇಡೀ ತೋಳು ಮಡಚ್ಕೊಂಡು ನದಿಗೆ ಬಿತ್ತು. 75 ಜನ ಸತ್ರು. ರೈಲು ಸಂಚಾರ ಇನ್ನೂ ಶುರುವೇ ಆಗಿರಲಿಲ್ಲ, ಬಿರುಗಾಳಿ ಇರಲಿಲ್ಲ, ಭೂಕಂಪ ಇರಲಿಲ್ಲ. ಬೀಳಿಸಿದ್ದು ಅದರದ್ದೇ ಭಾರ.

ಆ 75ರಲ್ಲಿ 33 ಜನ ಮಾಂಟ್ರಿಯಲ್ ಹತ್ರದ ಕಾನವಾಗಾ ಊರಿನ ಮೋಹಾಕ್ ಬುಡಕಟ್ಟಿನೋರು. ಆಮೇಲೆ ನ್ಯೂಯಾರ್ಕಿನ ಎಷ್ಟೋ ದೊಡ್ಡ ಕಟ್ಟಡಗಳ ಸ್ಟೀಲ್ ಎತ್ತಿದವರಲ್ಲೂ ಇವರಿದ್ರು. ಇವರಿಗೆ ಹುಟ್ಟಿಂದಾನೇ ಎತ್ತರದ ಭಯ ಇಲ್ಲ ಅಂತ ಪೇಪರ್‌ನೋರು ಬರೆದಿದ್ದೇ ಬರೆದಿದ್ದು, ನನಗಂತೂ ಈ ಮಾತು ಕಂಡ್ರೆ ಆಗಲ್ಲ. ಭಯ ಅವರಿಗೂ ಇತ್ತು ಅಂತ ಆ ಕೆಲಸದವರೇ ಹೇಳ್ಕೊಂಡಿದ್ದಾರೆ, ಅಪ್ಪನಿಂದ ಮಗನಿಗೆ ಅಂತ ಕಲಿತ ಕಸುಬನ್ನ ರಕ್ತದ ಗುಣ ಅಂದ್ಬಿಟ್ರೆ ಆ ಕಲಿಕೆಗೆ ಬೆಲೆನೇ ಇಲ್ದಂಗೆ.

ತೂತು ಕೂರದೇ ಇರೋದಕ್ಕೆ ಪ್ರತಿ ಸಲನೂ ಇಷ್ಟು ದೊಡ್ಡ ಕಾರಣ ಇರಲ್ಲ ಬಿಡಿ. 20 ಎಂಎಂ ಬೋಲ್ಟಿಗೆ 22 ಎಂಎಂ ತೂತು, ಅಂದ್ರೆ ಸಿಗೋ ಜಾಗ 2 ಎಂಎಂ. 30 ಮೀಟರ್ ಉದ್ದದ ಸ್ಟೀಲ್ 10 ಡಿಗ್ರಿ ಬಿಸಿ ಆದ್ರೆ ಸುಮಾರು ಮೂರೂವರೆ ಎಂಎಂ ಹಿಗ್ಗತ್ತೆ. ಬೆಳಗ್ಗೆ ಸರಿಯಾಗಿ ಕೂತಿದ್ದು ಮಧ್ಯಾಹ್ನ ಕೂರಲ್ಲ ಅಂದ್ರೆ ಫಿಟ್ಟರ್ ತಪ್ಪೇ ಆಗಬೇಕಿಲ್ಲ, ಬಿಸಿಲಿಗೆ ಒಂದು ಮಗ್ಗುಲು ಮಾತ್ರ ಕಾದ ಕಾಲಂ ಆ ಕಡೆ ಉದ್ದ ಆಗಿ ಈ ಕಡೆ ವಾಲತ್ತೆ, ಅದಕ್ಕೇ ತೂಕು ನೋಡೋಕೆ, ಅಂದ್ರೆ ಕಾಲಂ ನೆಟ್ಟಗಿದೆಯಾ ಅಂತ ನೋಡೋಕೆ, ಬೆಳಗಿನ ಜಾವ ಒಳ್ಳೇದು. ಮತ್ತೆ ಹೈ ಸ್ಟ್ರೆಂತ್ ಬೋಲ್ಟ್‌ನ ಫುಲ್ ಟೈಟ್ ಮಾಡೋ ಜಾಯಿಂಟಲ್ಲಿ ಭಾರ ಹೊರೋದು ಬೋಲ್ಟಿನ ಮೈ ಅಲ್ಲ! 20 ಎಂಎಂ ಬೋಲ್ಟ್ ಸುಮಾರು 14 ಟನ್ ಬಿಗಿಯಲ್ಲಿ ಪ್ಲೇಟುಗಳನ್ನ ಒತ್ತಿ ಹಿಡಿದಿರತ್ತೆ, ಅವು ಜಾರದಂಗೆ ನೋಡ್ಕೊಳ್ಳೋದು ಅವುಗಳ ನಡುವಿನ ಘರ್ಷಣೆ. ಅಂಥ ಜಾಯಿಂಟಿನ ಮುಖಕ್ಕೆ ಆಯಿಲ್ಲೋ ಸಿಕ್ಕಿದ ಪೇಂಟೋ ಮೆತ್ತಿದ್ರೆ ಎಷ್ಟು ಟೈಟ್ ಮಾಡಿದ್ರೂ ಲೆಕ್ಕ ತಪ್ಪತ್ತೆ.

ಇನ್ನು ಬೆಲ್ಟ್. 80 ಕೆಜಿ ಮನುಷ್ಯ 2 ಮೀಟರ್ ಬಿದ್ದು 10 ಸೆಂಟಿಮೀಟರ್ ಒಳಗೆ ನಿಂತ್ರೆ ಮೈ ಮೇಲೆ ಬೀಳೋ ಸರಾಸರಿ ಬಲ ಒಂದೂವರೆ ಟನ್ ಮೀರತ್ತೆ, ಅದೇ ಒಂದು ಮೀಟರ್ ಜಗ್ಗಿ ಜಗ್ಗಿ ನಿಂತ್ರೆ ಕಾಲು ಟನ್ ಆಸುಪಾಸು. ಹಗ್ಗದ ಜೊತೆ ಮಡಚಿ ಹೊಲಿದಿರೋ ಶಾಕ್ ಅಬ್ಸಾರ್ಬರ್ ಹೊಲಿಗೆ ಬಿಚ್ಕೊಂಡು ಮಾಡೋದು ಈ ಕೆಲಸಾನೇ. ಆದ್ರೆ ಕೊಕ್ಕೆ ಎಲ್ಲಿ ಹಾಕಿದೀರ ಅನ್ನೋದೇ ಮುಖ್ಯ. 2 ಮೀಟರ್ ಹಗ್ಗನ ಕಾಲ ಹತ್ರ ಬೀಮಿಗೆ ಸಿಗಿಸಿದ್ರೆ ಹಗ್ಗ ಬಿಗಿ ಆಗೋಷ್ಟರಲ್ಲೇ ಮೂರೂವರೆ ಮೀಟರ್ ಹತ್ರ ಬಿದ್ದಿರ್ತೀರ. ಆಮೇಲೆ ಅಬ್ಸಾರ್ಬರ್ ಬಿಚ್ಕೊಳ್ಳೋ ಉದ್ದ ಬೇರೆ. 4 ಮೀಟರ್ ಎತ್ತರದಲ್ಲಿ ಹಂಗೆ ಹಾಕಿದ್ರೆ ಅಬ್ಸಾರ್ಬರ್ ತನ್ನ ಕೆಲಸ ಮುಗಿಸೋ ಮುಂಚೆನೇ ಕಾಲು ನೆಲಕ್ಕೆ ಬಡಿದಿರತ್ತೆ. ತಲೆ ಮೇಲಿರೋ ಲೈಫ್‌ಲೈನಿಗೇ ಹಾಕ್ರೋ ಅಂತ ಸೇಫ್ಟಿಯವರು ಬಡ್ಕೊಳ್ಳೋದು ಇದಕ್ಕೇ.