ಪರದೆಯೊಳಗಿನ ಊರುಗಳಲ್ಲಿ ಧರಣಿ: ಎರಡು ಬಗೆಯ ಹೋರಾಟಗಳ ಹಿನ್ನೆಲೆ

2023ರ ಅಕ್ಟೋಬರ್‌ನಲ್ಲಿ ಗಾಜಾ ಯುದ್ಧ ಆರಂಭವಾದ ಬೆನ್ನಲ್ಲೇ ರೊಬ್ಲಾಕ್ಸ್ ಎಂಬ ಆಟದ ವೇದಿಕೆಯಲ್ಲಿ ನೂರಾರು ಅವತಾರಗಳು, ಅಂದರೆ ಪರದೆಯ ಮೇಲೆ ಆಟಗಾರರನ್ನು ಪ್ರತಿನಿಧಿಸುವ ಬೊಂಬೆಗಳು, ಪ್ಯಾಲೆಸ್ಟೀನ್ ಬಾವುಟ ಹಿಡಿದು ಸಾಲುಗಟ್ಟಿ ನಡೆದವು. ಮಲೇಷ್ಯಾದ ಬಳಕೆದಾರರಿಂದ ಶುರುವಾದ ಈ ಮೆರವಣಿಗೆಯಲ್ಲಿ ಮಕ್ಕಳೇ ಹೆಚ್ಚಾಗಿದ್ದರು. ಅದನ್ನು ಕೆಲವರು ಹೊಸ ಕಾಲದ ಜನಾಂದೋಲನವೆಂದು ಕೊಂಡಾಡಿದರೆ, ಇನ್ನು ಕೆಲವರು ಮಕ್ಕಳಾಟವೆಂದು ತಳ್ಳಿಹಾಕಿದರು. ಈ ಚರ್ಚೆ ಹೀಗೆ ಸಿಕ್ಕುಸಿಕ್ಕಾಗಲು ಮುಖ್ಯ ಕಾರಣವೆಂದರೆ, ಬೇರೆ ಬೇರೆ ಬಗೆಯ ಎರಡು ಹೋರಾಟಗಳನ್ನು ನಾವು ಒಂದೇ ಸಾಲಿನಲ್ಲಿ ನಿಲ್ಲಿಸಿ ನೋಡುತ್ತಿರುವುದು. ಹೊರಜಗತ್ತಿನ ಜಗಳವನ್ನು ವರ್ಚುವಲ್ ಲೋಕದ ಬಯಲಿಗೆ ತಂದು ಅಲ್ಲಿ ಘೋಷಣೆ ಕೂಗುವುದು ಒಂದು ಬಗೆ. ಆ ಲೋಕದಲ್ಲೇ ಮನೆ, ಅಂಗಡಿ, ಸ್ನೇಹಗಳನ್ನು ಕಟ್ಟಿಕೊಂಡವರು ಅದನ್ನು ನಡೆಸುವ ಕಂಪನಿಯ ನಿರ್ಧಾರದ ವಿರುದ್ಧ ನಿಲ್ಲುವುದು ಇನ್ನೊಂದು ಬಗೆ. ಮೊದಲನೆಯದು ಸುದ್ದಿಯಾಗುತ್ತದೆ. ಎರಡನೆಯದರಲ್ಲಿ ಪಣಕ್ಕಿರುವುದು ಅಲ್ಲಿ ಬದುಕುವವರ ಹಕ್ಕು.

ಚಿತ್ರಗಳೇ ಇಲ್ಲದೆ ಬರೀ ಅಕ್ಷರಗಳಲ್ಲಿ ಕಟ್ಟಿದ್ದ ಲ್ಯಾಂಬ್ಡಾಮೂ ಎಂಬ ಲೋಕದಲ್ಲಿಯೇ ಈ ಎರಡನೆಯ ಬಗೆಯ ಪ್ರಶ್ನೆ ಎದ್ದಿತ್ತು. 1990ರಲ್ಲಿ ಕ್ಯಾಲಿಫೋರ್ನಿಯಾದ ಜೆರಾಕ್ಸ್ ಸಂಶೋಧನಾ ಕೇಂದ್ರದ ಪಾವೆಲ್ ಕರ್ಟಿಸ್ ಅದನ್ನು ಆರಂಭಿಸಿದರು. ಅಲ್ಲಿನ ಆಡಳಿತಗಾರರು 1992ರ ಕೊನೆಯಲ್ಲಿ ನಿವಾಸಿಗಳ ವ್ಯಾಜ್ಯಗಳಿಂದ ತಾವು ದೂರ ಸರಿಯುವುದಾಗಿ ಪ್ರಕಟಿಸಿದರು. ಮರುವರ್ಷ ಒಬ್ಬ ಬಳಕೆದಾರ ಇತರರ ಪಾತ್ರಗಳ ಮೇಲೆ ಲೈಂಗಿಕ ದೌರ್ಜನ್ಯ ನಡೆಸಿದಾಗ ಶಿಕ್ಷೆ ಕೊಡುವವರು ಯಾರೆಂಬುದೇ ತಿಳಿಯದಾಯಿತು, ಆ ಗೊಂದಲದಿಂದಲೇ ಅರ್ಜಿ ಮತ್ತು ಮತದಾನದ ಪದ್ಧತಿ ಹುಟ್ಟಿತು. ಆದರೆ 1996ರಲ್ಲಿ ಆಡಳಿತಗಾರರು ಅಧಿಕಾರವನ್ನು ಮತ್ತೆ ತಮ್ಮ ಕೈಗೆ ತೆಗೆದುಕೊಂಡರು. ಸರ್ವರ್ ಯಾರ ಕೈಯಲ್ಲಿದೆಯೋ ಅವರು ಕೊಟ್ಟ ಪ್ರಜಾಪ್ರಭುತ್ವವನ್ನು ಅವರೇ ಹಿಂತೆಗೆದುಕೊಳ್ಳಬಹುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ.

2003ರ ಜೂನ್‌ನಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದ ಲಿಂಡೆನ್ ಲ್ಯಾಬ್ ಕಂಪನಿಯು ಸೆಕೆಂಡ್ ಲೈಫ್ ಎಂಬ ಲೋಕವನ್ನು ತೆರೆದ ಮೇಲೆ ಈ ಕಥೆ ನಿಜವಾಗಿ ಬಿರುಸಾಯಿತು. ಸೆಕೆಂಡ್ ಲೈಫ್‌ನಲ್ಲಿ ಗೆಲ್ಲಬೇಕಾದ ಆಟವಿಲ್ಲ. ಕಾಣುವ ಮನೆ, ಮರ, ಉಡುಪುಗಳಲ್ಲಿ ಬಹುಪಾಲು ನಿವಾಸಿಗಳೇ ಮಾಡಿದ್ದು. ಕಟ್ಟಡಗಳೆಲ್ಲ ಪ್ರಿಮ್ ಎಂಬ ಚಿಕ್ಕ ಘಟಕಗಳಿಂದ ಆಗುತ್ತಿದ್ದವು, ಆರಂಭದಲ್ಲಿ ಕಂಪನಿಯು ಆ ಪ್ರಿಮ್‌ಗಳ ಮೇಲೆ ವಾರವಾರವೂ ತೆರಿಗೆ ಹಾಕುತ್ತಿತ್ತು. ಹೆಚ್ಚು ಕಟ್ಟಿದವನಿಗೆ ಹೆಚ್ಚು ತೆರಿಗೆ ಎಂಬ ಈ ಲೆಕ್ಕದಲ್ಲಿ ಸುಮ್ಮನೆ ಅಲೆದಾಡುವವನು ಹಗುರಾಗಿ ಉಳಿದ, ಎಲ್ಲರೂ ಬಂದು ನೋಡಲೆಂದು ದೊಡ್ಡದನ್ನು ಕಟ್ಟಿದವನು ಬಡವನಾದ. ಅಮೆರಿಕದ ಸ್ಮಾರಕಗಳ ಪ್ರತಿಕೃತಿಗಳನ್ನು ಜತೆಗೂಡಿ ಕಟ್ಟುತ್ತಿದ್ದ ‘ಅಮೆರಿಕಾನಾ’ ಗುಂಪಿಗೆ ಈ ಹೊರೆ ತಾಳಲಾರದಷ್ಟಾಯಿತು. ಅವರು 1773ರಲ್ಲಿ ಬ್ರಿಟಿಷ್ ತೆರಿಗೆಯನ್ನು ವಿರೋಧಿಸಿ ಚಹಾ ಪೆಟ್ಟಿಗೆಗಳನ್ನು ಕಡಲಿಗೆಸೆದ ಬೋಸ್ಟನ್ನಿನ ಚಹಾ ಬಂಡಾಯವನ್ನು ನೆನಪಿಸುವಂತೆ ಚಹಾ ಪೆಟ್ಟಿಗೆಗಳ ರಾಶಿ ಹಾಕಿದರು, ತಾವೇ ಕಟ್ಟಿದ್ದಕ್ಕೆ ಬೆಂಕಿಯ ಚಿತ್ರಗಳನ್ನು ಅಂಟಿಸಿದರು, ಹದಿನೆಂಟನೆಯ ಶತಮಾನದ ವೇಷ ತೊಟ್ಟು ತೆರಿಗೆ ವಿರೋಧಿ ಫಲಕಗಳನ್ನು ನೆಟ್ಟರು. ಆ ವರ್ಷದ ಡಿಸೆಂಬರ್ ಹೊತ್ತಿಗೆ ಪ್ರಿಮ್ ತೆರಿಗೆ ರದ್ದಾಯಿತು, ನಿವಾಸಿಗಳು ತಾವು ಸೃಷ್ಟಿಸಿದ್ದರ ಬೌದ್ಧಿಕ ಹಕ್ಕನ್ನು ತಾವೇ ಇಟ್ಟುಕೊಳ್ಳಬಹುದೆಂಬ ನೀತಿಯೂ ಅದೇ ಕಾಲದಲ್ಲಿ ಬಂತು.

ಈ ಗೆಲುವಿನ ಇನ್ನೊಂದು ಮುಖವನ್ನು ಗಮನಿಸಿದವರು ಕಡಿಮೆ. ತೆರಿಗೆ ಹೋಯಿತು, ಆದರೆ ಅದರ ಜಾಗಕ್ಕೆ ಭೂಮಿಯ ಶುಲ್ಕ ಬಂತು. ಕಟ್ಟಿದ್ದಕ್ಕೆ ಕೊಡುವ ಬದಲು ಹಿಡಿದ ಜಾಗಕ್ಕೆ ಕೊಡಬೇಕಾಯಿತು, ಅದೂ ಆ ಲೋಕದೊಳಗಿನ ನಾಣ್ಯವಾದ ಲಿಂಡೆನ್ ಡಾಲರ್‌ನಲ್ಲಲ್ಲ, ಕಾರ್ಡು ಉಜ್ಜಿ ತೆರುವ ನಿಜವಾದ ಹಣದಲ್ಲಿ. ಮುಂದಿನ ದೊಡ್ಡ ಜಗಳದ ಬೀಜ ಬಿದ್ದದ್ದು ಇಲ್ಲಿ.

ನಡುವೆ ಹೊರಗಿನ ರಾಜಕಾರಣ ಈ ಲೋಕಕ್ಕೆ ನುಗ್ಗಿತು. ಫ್ರಾನ್ಸಿನ ಬಲಪಂಥೀಯ ಪಕ್ಷ ಫ್ರಂಟ್ ನ್ಯಾಷನಲ್ ಅಲ್ಲಿ ಕಚೇರಿ ತೆರೆದಾಗ, 2007ರ ಜನವರಿಯಲ್ಲಿ ವಿರೋಧಿಗಳು ಅದರ ಸುತ್ತ ನೆರೆದರು. ಫಲಕಗಳಿಂದ ಶುರುವಾದದ್ದು ಸಿಡಿಯುವ ಹಂದಿಗಳನ್ನು ಎಸೆಯುವವರೆಗೆ ಬೆಳೆಯಿತು. ಅದೇ ವರ್ಷದ ಸೆಪ್ಟೆಂಬರ್ 27ರಂದು ಇಟಲಿಯ ಐಬಿಎಂ ನೌಕರರು ನಡೆಸಿದ ಮುಷ್ಕರ ಹೆಚ್ಚು ಶಿಸ್ತಿನದು. ವೇತನ ಮಾತುಕತೆಯ ನಡುವೆ ಸಾವಿರ ಯೂರೋದಷ್ಟು ವಾರ್ಷಿಕ ಭತ್ಯೆ ಕೈತಪ್ಪಿದ್ದರಿಂದ ಕೆರಳಿದ ಕಾರ್ಮಿಕ ಸಂಘ, ಕಂಪನಿಯು ಸೆಕೆಂಡ್ ಲೈಫ್‌ನಲ್ಲಿ ಹಣ ಸುರಿದು ಕಟ್ಟಿಸಿದ್ದ ದ್ವೀಪಗಳನ್ನೇ ಧರಣಿಯ ಜಾಗವಾಗಿ ಆರಿಸಿಕೊಂಡಿತು. ಭಾಗವಹಿಸುವವರಿಗೆ ಅಂಗಿ ಮತ್ತು ಫಲಕಗಳಿದ್ದ ಮುಷ್ಕರದ ಕಿಟ್ ಹಂಚಲಾಯಿತು. ಸುಮಾರು 30 ದೇಶಗಳಿಂದ 1,850ರಷ್ಟು ಅವತಾರಗಳು ಬಂದವು, ಅವುಗಳಲ್ಲಿ ಬಾಳೆಹಣ್ಣಿನ ರೂಪದ್ದೂ ಒಂದಿತ್ತು. ಕೆಲವೇ ವಾರಗಳಲ್ಲಿ ಇಟಲಿ ಶಾಖೆಯ ಮುಖ್ಯಸ್ಥರು ಹುದ್ದೆ ಬಿಟ್ಟರು, ಭತ್ಯೆಯನ್ನು ಮರಳಿಸುವ ಒಪ್ಪಂದವೂ ಆಯಿತು.

ನಮಗೆ ಹತ್ತಿರವಾದ ಒಂದು ಸಂಗತಿಯೂ ಇದೇ ಕಾಲದ್ದು. 2008ರ ಮಾರ್ಚ್ 12ರಿಂದ ಏಪ್ರಿಲ್ 6ರವರೆಗೆ ಅಮೆರಿಕದ ಕಲಾವಿದ ಜೋಸೆಫ್ ಡಿಲಾಪ್ ನ್ಯೂಯಾರ್ಕಿನಲ್ಲಿ ಟ್ರೆಡ್‌ಮಿಲ್ ಮೇಲೆ ದಂಡಿಯಾತ್ರೆಯ 240 ಮೈಲಿಗಳನ್ನು ಕಾಲಿನಿಂದಲೇ ನಡೆದರು, ಅವರ ಹೆಜ್ಜೆಗೆ ತಕ್ಕಂತೆ ಸೆಕೆಂಡ್ ಲೈಫ್‌ನಲ್ಲಿ ಗಾಂಧೀಜಿಯ ಅವತಾರ ನಡೆಯಿತು. ಮೂಲ ಯಾತ್ರೆಯಲ್ಲಿ ಗಾಂಧೀಜಿಯೊಂದಿಗೆ ಹೆಜ್ಜೆ ಹಾಕಿದ ಮೋಟೆಬೆನ್ನೂರಿನ ಮೈಲಾರ ಮಹದೇವಪ್ಪನವರನ್ನು ಕನ್ನಡಿಗರು ಇಲ್ಲಿ ನೆನೆಯದಿರುವುದು ಕಷ್ಟ. ಮುಂದೆ 2020ರ ಏಪ್ರಿಲ್‌ನಲ್ಲಿ, ಕೋವಿಡ್‌ನಿಂದಾಗಿ ಬೀದಿಗಿಳಿಯಲಾಗದ ಹಾಂಗ್‌ಕಾಂಗ್ ಹೋರಾಟಗಾರರು ಆ್ಯನಿಮಲ್ ಕ್ರಾಸಿಂಗ್ ಆಟದ ತಮ್ಮ ದ್ವೀಪಗಳಲ್ಲಿ ಬ್ಯಾನರ್ ಹಾಸಿದರು. ಅದರ ಬೆನ್ನಿಗೇ ಚೀನಾದ ಆನ್‌ಲೈನ್ ಮಳಿಗೆಗಳಿಂದ ಆ ಆಟ ಕಾಣೆಯಾಯಿತು.

ಇವೆಲ್ಲವುಗಳಲ್ಲಿ ಎದುರಾಳಿ ಹೊರಗಿದ್ದ. ಎದುರಾಳಿಯೇ ನೆಲದ ಒಡೆಯನಾದಾಗ ಏನಾಗುತ್ತದೆಂಬುದಕ್ಕೆ 2008ರ ಓಪನ್‌ಸ್ಪೇಸ್ ಪ್ರಕರಣವನ್ನು ಸ್ವಲ್ಪ ವಿವರವಾಗಿ ನೋಡಬೇಕು. ಸೆಕೆಂಡ್ ಲೈಫ್‌ನ ಒಂದು ಪೂರ್ಣ ಪ್ರದೇಶವು ಸರ್ವರಿನ ಒಂದು ಪ್ರೊಸೆಸರ್ ಕೋರ್ (ಲೆಕ್ಕ ಮಾಡುವ ಘಟಕ) ಮೇಲೆ ನಡೆಯುತ್ತಿತ್ತು, ಅದರಲ್ಲಿ 15,000 ಪ್ರಿಮ್ ಇಡಬಹುದಿತ್ತು. ಓಪನ್‌ಸ್ಪೇಸ್ ಎಂಬುದು ಅಗ್ಗದ ಪ್ರದೇಶ. ಒಂದೇ ಕೋರ್ ಅನ್ನು ಇಂಥ ನಾಲ್ಕು ಹಂಚಿಕೊಳ್ಳುತ್ತಿದ್ದವು. ಸಮುದ್ರ, ಕಾಡಿನಂಥ ಖಾಲಿ ಜಾಗಕ್ಕೆಂದು ಅದನ್ನು ರೂಪಿಸಲಾಗಿತ್ತು. 2008ರ ಮೊದಲ ಭಾಗದಲ್ಲಿ ಕಂಪನಿಯೇ ನಿಯಮ ಸಡಿಲಿಸಿ, ಪ್ರಿಮ್ ಮಿತಿಯನ್ನು 3,750ಕ್ಕೆ ಏರಿಸಿತು. ತಿಂಗಳಿಗೆ 75 ಡಾಲರ್‌ಗೆ ಸಿಗುತ್ತಿದ್ದ ಈ ಜಾಗಗಳನ್ನು ಜನ ಮುಗಿಬಿದ್ದು ಕೊಂಡರು, ಮನೆ ಕಟ್ಟಿದರು, ಬಾಡಿಗೆಗೆ ಕೊಟ್ಟರು. ಸರ್ವರ್‌ಗಳು ಏದುಸಿರು ಬಿಡತೊಡಗಿದವು. ಅಕ್ಟೋಬರ್ ಕೊನೆಯಲ್ಲಿ, ಜನವರಿಯಿಂದ ದರ 125 ಡಾಲರ್ ಎಂಬ ಪ್ರಕಟಣೆ ಹೊರಬಿತ್ತು.

ಮಾರಿದ ಕೆಲವೇ ತಿಂಗಳಲ್ಲಿ ಮೂರನೇ ಎರಡು ಭಾಗದಷ್ಟು ಏರಿಕೆ! ಸಣ್ಣ ಬಾಡಿಗೆದಾರರಿಂದ ಬಾಡಿಗೆ ಎತ್ತಿ ಕಂಪನಿಗೆ ಕಟ್ಟುತ್ತಿದ್ದ ಮಧ್ಯಮ ದರ್ಜೆಯ ಜಮೀನುದಾರರು ನಡುವೆ ಸಿಕ್ಕಿಕೊಂಡರು. ಬಾಡಿಗೆ ಏರಿಸಿದರೆ ಜನ ಖಾಲಿ ಮಾಡುತ್ತಾರೆ, ಏರಿಸದಿದ್ದರೆ ಕೈಯಿಂದ ತುಂಬಬೇಕು. ನಿವಾಸಿಗಳು ಫಲಕ ಹಿಡಿದು ನೆರೆದರು, ಅರ್ಜಿಗಳಿಗೆ ಸಹಿ ಹಾಕಿಸಿದರು, ಹಲವರು ಜಾಗ ಬಿಟ್ಟುಕೊಟ್ಟರು. ಹತ್ತಿಪ್ಪತ್ತು ದಿನಗಳೊಳಗೆ ಕಂಪನಿ ಅರ್ಧ ಹೆಜ್ಜೆ ಹಿಂದಿಟ್ಟಿತು. ಹೋಮ್‌ಸ್ಟೆಡ್ ಎಂಬ ಹೊಸ ದರ್ಜೆಗೆ ಜನವರಿಯಿಂದ 95 ಡಾಲರ್, ಜುಲೈನಿಂದ 125 ಎಂದಿತು. 75 ಡಾಲರ್‌ನ ಓಪನ್‌ಸ್ಪೇಸ್ ಉಳಿಯಿತು, ಆದರೆ ಪ್ರಿಮ್ ಮಿತಿ 750ಕ್ಕೆ ಇಳಿಯಿತು. ಸರ್ವರಿನ ಹೊರೆ ಸುಳ್ಳಲ್ಲ, ಅದನ್ನು ಒಪ್ಪಬೇಕು. ಆದರೆ ಒಪ್ಪಂದದ ಒಂದು ಕಡೆಯವರು ಮಾತ್ರ ಷರತ್ತು ಬದಲಿಸಬಲ್ಲವರಾಗಿದ್ದರೆ, ಪ್ರತಿಭಟನೆಯಿಂದ ದರದ ಅಂಕಿಯನ್ನು ಅಲ್ಲಾಡಿಸಬಹುದೇ ಹೊರತು ನಿರ್ಧಾರದ ಕುರ್ಚಿಯನ್ನಲ್ಲ.

ಆ ಕುರ್ಚಿಯ ಪಕ್ಕದಲ್ಲಾದರೂ ಆಟಗಾರರನ್ನು ಕೂರಿಸಿದ್ದು ಐಸ್‌ಲ್ಯಾಂಡಿನ ಸಿಸಿಪಿ ಕಂಪನಿ. ಅದರ ಈವ್ ಆನ್‌ಲೈನ್ ಎಂಬ ಬಾಹ್ಯಾಕಾಶ ನೌಕೆಗಳ ಆಟದಲ್ಲಿ 2008ರಿಂದ ಆಟಗಾರರೇ ಮತ ಹಾಕಿ ಆರಿಸುವ ಮಂಡಳಿಯಿದೆ. 2011ರ ಜೂನ್‌ನಲ್ಲಿ ಅವತಾರದ ಒಂಟಿಕಣ್ಣಿನ ಕನ್ನಡಕವೊಂದಕ್ಕೆ 60 ಡಾಲರ್ ಮೀರಿದ ಬೆಲೆ ಇಟ್ಟಾಗ, ಜಿತಾ ಎಂಬ ವ್ಯಾಪಾರ ಕೇಂದ್ರದಲ್ಲಿ ಸಾವಿರಾರು ಆಟಗಾರರು ಒಂದು ಸ್ಮಾರಕಕ್ಕೆ ಗುಂಡಿನ ಮಳೆಗರೆದರು. ಮಂಡಳಿಯ ಸದಸ್ಯರನ್ನು ರೇಕ್ಯಾವಿಕ್‌ಗೆ ಕರೆಸಿ ತುರ್ತು ಸಭೆ ನಡೆಸಲಾಯಿತು, ಅಕ್ಟೋಬರ್‌ನಲ್ಲಿ ಕಂಪನಿಯ ಮುಖ್ಯಸ್ಥರು ಬಹಿರಂಗವಾಗಿ ಕ್ಷಮೆ ಕೋರಿದರು. ಮಂಡಳಿಗಿರುವುದು ಸಲಹೆಯ ಅಧಿಕಾರ ಮಾತ್ರ, ಆದರೂ ಇಲ್ಲಿಯವರೆಗಿನ ಏರ್ಪಾಡುಗಳಲ್ಲಿ ಇದೇ ಮೇಲು.

ಮಾತು ನಡೆಯದ ಕಡೆ ಉಳಿಯುವ ದಾರಿ ಊರು ಬಿಡುವುದು. 2010ರ ಅಕ್ಟೋಬರ್‌ನಲ್ಲಿ ಲಿಂಡೆನ್ ಲ್ಯಾಬ್ ಶಿಕ್ಷಣ ಸಂಸ್ಥೆಗಳಿಗಿದ್ದ ಅರ್ಧ ದರದ ರಿಯಾಯಿತಿಯನ್ನು ನಿಲ್ಲಿಸುವುದಾಗಿ ಹೇಳಿದಾಗ ಹಲವು ವಿಶ್ವವಿದ್ಯಾಲಯಗಳು ಓಪನ್‌ಸಿಮ್ ಎಂಬ ಮುಕ್ತ ತಂತ್ರಾಂಶ ಬಳಸಿ ತಮ್ಮದೇ ಸರ್ವರ್‌ಗಳಿಗೆ ಹೊರಟವು. 2013ರಲ್ಲಿ ರಿಯಾಯಿತಿ ಮರಳಿ ಬಂತು. ಹೊರಟವರು ತಾವೇ ಸೃಷ್ಟಿಸಿದ ವಸ್ತುಗಳನ್ನು ಒಯ್ಯಬಹುದಿತ್ತು, ಇತರರಿಂದ ಕೊಂಡದ್ದನ್ನು ನಕಲು ಮಾಡುವಂತಿಲ್ಲದ್ದರಿಂದ ಅಲ್ಲೇ ಬಿಟ್ಟುಹೋಗಬೇಕಿತ್ತು. ಆ ನಕಲು ನಿರ್ಬಂಧವನ್ನು ಕಾಯ್ದುಕೊಳ್ಳಲೆಂದೇ 2006ರ ನವೆಂಬರ್‌ನಲ್ಲಿ, ಕಾಪಿಬಾಟ್ ಎಂಬ ನಕಲು ಸಾಧನ ಹರಡಿದಾಗ, ಅದೇ ಲೋಕದ ಅಂಗಡಿಕಾರರು ಬಾಗಿಲು ಮುಚ್ಚಿ ಹೋರಾಡಿದ್ದರು.